ಫೈಲ್ ಹೆಸರುಗಳನ್ನು ಡೇಟಾಬೇಸ್‌ಗೆ ಹಾಕುವುದು ಹೇಗೆ? ಮೊದಲ ಹೆಸರು ಜೋಪಾನ!

ನಮ್ಮ ಭಾವ ಮನೆಯ ಹಳೇ ಫೋಟೊಗಳ ಹೆಸರನ್ನೆಲ್ಲ ಡೇಟಾಬೇಸ್‌ಗೆ ಹಾಕಿದರು. 312 ಫೋಟೊ, ಒಳಗೆ ಹೋದದ್ದು 311. ಕಾಣೆಯಾದದ್ದು ಅಜ್ಜಿಯ ಫೋಟೊ. ಈ ಕೆಲಸದಲ್ಲಿ ಬಹಳ ಜನ ಎಡವುವುದು ಇಲ್ಲೇ.

ಎಸ್‌ಕ್ಯೂಲೈಟ್ ಅನ್ನುವ ಪುಟ್ಟ ಡೇಟಾಬೇಸ್ ಸಾಫ್ಟ್‌ವೇರ್ ಇಳಿಸಿಕೊಳ್ಳಿ. ಮೊದಲು ಫೈಲ್ ಹೆಸರುಗಳ ಪಟ್ಟಿ, ಆಮೇಲೆ ಆ ಪಟ್ಟಿಯನ್ನು ಇದರೊಳಗೆ ಹಾಕುವುದು, ಅಷ್ಟೇ ಕೆಲಸ. ಉಚಿತ, ಸರ್ವರ್ ಬೇಡ, ಪಾಸ್‌ವರ್ಡ್ ಬೇಡ. ಇಷ್ಟಕ್ಕೆ ಸರ್ವರ್ ಬೇಡುವ ದೊಡ್ಡ ಡೇಟಾಬೇಸ್ ಮೈಎಸ್‌ಕ್ಯೂಎಲ್ ಹಾಕುವುದು ಗುಬ್ಬಿ ಮೇಲೆ ಬ್ರಹ್ಮಾಸ್ತ್ರ. ಪಟ್ಟಿ ಮಾಡಿಕೊಡುವ 'ಫ್ರೀ' ಸಾಫ್ಟ್‌ವೇರ್‌ಗಳ ಹತ್ತಿರವೂ ಹೋಗಬೇಡಿ. ನಾನು ಹಾಕಿಕೊಂಡದ್ದೊಂದು, ಪಟ್ಟಿಯ ಮಧ್ಯೆ ತನ್ನದೇ ಜಾಹೀರಾತು ತುರುಕಿತ್ತು.

ಇನ್ನು ಕಮಾಂಡ್‌ಗಳು. ಫೋನಿನಲ್ಲಿ ಹೇಳಿದ ಹಾಗೆ ಬರೆಯುತ್ತೇನೆ, ನೀವು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ವಿಂಡೋಸ್ ಆದರೆ ಫೋಟೊ ಇರುವ ಫೋಲ್ಡರ್‌ನಲ್ಲಿ ಸಿಎಂಡಿ (ಕಮಾಂಡ್ ಟೈಪ್ ಮಾಡುವ ಕಪ್ಪು ಕಿಟಕಿ) ತೆರೆಯಿರಿ, ಅಂಥದ್ದೇ ಇನ್ನೊಂದಾದ ಪವರ್‌ಶೆಲ್ ಬೇಡ. ಮೊದಲು ಸಿಎಚ್‌ಸಿಪಿ 65001 ಹೊಡೆಯಿರಿ, ಇಲ್ಲದಿದ್ದರೆ ಕನ್ನಡದ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತವೆ. ಆಮೇಲೆ ಡಿಐಆರ್, ಸ್ಲ್ಯಾಶ್ ಬಿ, ಸ್ಲ್ಯಾಶ್ ಎ ಮೈನಸ್ ಡಿ. ಲಿನಕ್ಸ್‌ನಲ್ಲಿ ಬರೀ ಎಲ್‌ಎಸ್. ಬಂದದ್ದನ್ನು 'ಗ್ರೇಟರ್ ದ್ಯಾನ್' ಗುರುತಿನಿಂದ ಒಂದು ಟೆಕ್ಸ್ಟ್ ಫೈಲ್‌ಗೆ ತಿರುಗಿಸಿ. ಆ ಫೈಲ್ ಬೇರೆ ಫೋಲ್ಡರ್‌ನಲ್ಲಿರಲಿ. ಇಲ್ಲದಿದ್ದರೆ ಪಟ್ಟಿಯಲ್ಲಿ ಪಟ್ಟಿಯ ಹೆಸರೇ ಬರುತ್ತದೆ!

ಈಗ ಅಜ್ಜಿಯ ವಿಷಯ. ಟೇಬಲ್ (ಹೆಸರುಗಳನ್ನಿಡುವ ಕೋಷ್ಟಕ) ಮಾಡದೆ ನೇರ ಡಾಟ್ ಇಂಪೋರ್ಟ್ (ಪಟ್ಟಿಯನ್ನು ಒಳಗೆ ಹಾಕುವ ಕಮಾಂಡ್) ಕೊಟ್ಟರೆ ಎಸ್‌ಕ್ಯೂಲೈಟ್ ತಾನೇ ಟೇಬಲ್ ಮಾಡಿಕೊಳ್ಳುತ್ತದೆ. ಪಟ್ಟಿಯ ಮೊದಲ ಸಾಲನ್ನು ಕಾಲಂ ಹೆಸರು ಅಂದುಕೊಳ್ಳುತ್ತದೆ. ಅಕಾರಾದಿಯಲ್ಲಿ ಅಜ್ಜಿಯೇ ಮೊದಲು ಅಲ್ವಾ? ಕಾಲಂನ ತಲೆಯ ಮೇಲೆ ಹೋಗಿ ಕೂತಿದ್ದರು. ಅದಕ್ಕೇ ಎಸ್‌ಕ್ಯೂಲೈಟ್ ಶೆಲ್ (ಅದರದೇ ಕಮಾಂಡ್ ಕಿಟಕಿ) ತೆರೆದು ಮೊದಲು ಟೇಬಲ್: ಕ್ರಿಯೇಟ್ ಟೇಬಲ್ ಫೈಲ್ಸ್, ಬ್ರಾಕೆಟ್‌ನಲ್ಲಿ ನೇಮ್ ಟೆಕ್ಸ್ಟ್, ಕೊನೆಗೆ ಸೆಮಿಕೋಲನ್. ಟೇಬಲ್ ಇದ್ದರೆ ಮೊದಲ ಸಾಲೂ ಡೇಟಾ ಆಗಿಯೇ ಒಳಗೆ ಹೋಗುತ್ತದೆ.

ನಂತರ ಡಾಟ್ ಮೋಡ್ ಟ್ಯಾಬ್ಸ್, ಅಂದರೆ ಸಾಲನ್ನು ಟ್ಯಾಬ್ ಇದ್ದಲ್ಲಿ ಮಾತ್ರ ತುಂಡು ಮಾಡು ಅಂತ. ಅಲ್ಪವಿರಾಮ ಕಂಡಲ್ಲಿ ತುಂಡು ಮಾಡುವ ಸಿಎಸ್‌ವಿ ಮೋಡ್ ಖಂಡಿತ ಬೇಡ. 'ಮದುವೆ, ಧಾರೆ' ಅನ್ನುವ ಫೈಲ್ ಇದ್ದರೆ ಅಲ್ಪವಿರಾಮಕ್ಕೆ ಹೆಸರು ಎರಡು ತುಂಡಾಗಿ 'ಮದುವೆ' ಅಷ್ಟೇ ಉಳಿಯುತ್ತದೆ. ಹೆಚ್ಚಿನದನ್ನು ಬಿಟ್ಟಿದ್ದೇನೆ ಅಂತ ಒಂದು ಸಾಲು ಎಚ್ಚರಿಕೆ ಬರುತ್ತದೆ ನಿಜ, ಅದನ್ನು ಯಾರು ಓದುತ್ತಾರೆ?

ಈಗ ಡಾಟ್ ಇಂಪೋರ್ಟ್, ಪಟ್ಟಿಯ ಹೆಸರು, ಟೇಬಲ್ ಹೆಸರು. ಡಾಟ್ ಕಮಾಂಡ್‌ಗೆ ಸೆಮಿಕೋಲನ್ ಇಲ್ಲ.

ಅಡ್ಡದಾರಿಯೂ ಒಂದಿದೆ. ಎಸ್‌ಕ್ಯೂಲೈಟ್ ಶೆಲ್‌ನ ಎಫ್‌ಎಸ್‌ಡಿಐಆರ್ ಫಂಕ್ಷನ್ ಪಟ್ಟಿಯಿಲ್ಲದೆ ನೇರ ಫೋಲ್ಡರನ್ನೇ ಓದುತ್ತದೆ. ಆದರೆ ಒಳಗಿನ ಫೋಲ್ಡರ್‌ಗಳಿಗೂ ನುಗ್ಗಿ ಫೋಲ್ಡರ್ ದಾರಿ ಸಮೇತ ಹೆಸರು ತರುತ್ತದೆ. ಹೊಸಬರಿಗೆ ಬೇಡ.

ಕೊನೆಗೆ ಟೇಬಲ್‌ನಲ್ಲಿ ಎಷ್ಟು ಹೆಸರಿವೆ ಅಂತ ಎಣಿಸಲು ಸೆಲೆಕ್ಟ್ ಕೌಂಟ್, ಬ್ರಾಕೆಟ್‌ನಲ್ಲಿ ಸ್ಟಾರ್, ಫ್ರಮ್ ಫೈಲ್ಸ್, ಸೆಮಿಕೋಲನ್ ಹಾಕಿ, ಫೋಲ್ಡರ್ ತೋರಿಸುವ ಲೆಕ್ಕದ ಜತೆ ಹೋಲಿಸಿ. ವಿಂಡೋಸ್‌ನಲ್ಲಿ ಒಂದೆರಡು ಜಾಸ್ತಿ ಬಂದರೆ ಗಾಬರಿ ಬೇಡ, ವಿಂಡೋಸ್ ತಾನೇ ಮಾಡಿಟ್ಟು ಅಡಗಿಸಿದ ಥಂಬ್ಸ್ ಡಿಬಿಯೋ ಡೆಸ್ಕ್‌ಟಾಪ್ ಐಎನ್‌ಐಯೋ ಅನ್ನುವ ಫೈಲ್ ಇರಬೇಕು. ಒಂದು ಕಡಿಮೆ ಬಂದರೆ ಮಾತ್ರ ಕಾಲಂ ಹೆಸರು ನೋಡಿ.