ಡಿಸ್ಕ್ ಎಷ್ಟು ಬಿಸಿಯಾಗಿದೆ? ಲಿನಕ್ಸ್ ಕರ್ನಲ್ಲನ್ನೇ ಕೇಳಿ

ಲಿನಕ್ಸ್‌ನಲ್ಲಿ ಪ್ರೊಸೆಸರ್ ಎಷ್ಟು ಬಿಸಿಯಾಗಿದೆ ಅಂತ ಯಾರು ಬೇಕಾದರೂ ನೋಡಬಹುದಿತ್ತು. ಆದರೆ ನಮ್ಮ ಫೋಟೊ, ಲೆಕ್ಕಪತ್ರ ಎಲ್ಲವೂ ಇರುವ ಹಾರ್ಡ್ ಡಿಸ್ಕ್‌ನ ಬಿಸಿ ತಿಳಿಯಬೇಕಾದರೆ ಬೇರೆಯೇ ಪ್ರೋಗ್ರಾಂ ಬೇಕಿತ್ತು, ಅದಕ್ಕೆ ರೂಟ್ ಅಧಿಕಾರವೂ (ಇಡೀ ಸಿಸ್ಟಮ್ ಮೇಲಿನ ಪೂರ್ಣ ಅಧಿಕಾರ) ಬೇಕಿತ್ತು. ಒಂದು ಅಂಕಿ ಓದುವುದಕ್ಕೆ ಇಡೀ ಮನೆಯ ಬೀಗದ ಕೈ ಕೊಟ್ಟ ಹಾಗೆ. 2020ರ ಮಾರ್ಚ್‌ನಲ್ಲಿ ಬಂದ 5.6 ಕರ್ನಲ್ (ಲಿನಕ್ಸ್‌ನ ತಿರುಳಾದ ಪ್ರೋಗ್ರಾಂ) ಇದನ್ನು ಸರಿ ಮಾಡಿತು. ಗುಂಟರ್ ರೋಕ್ ಬರೆದ ‘ಡ್ರೈವ್‌ಟೆಂಪ್’ ಡ್ರೈವರ್, ಅಂದರೆ ಯಂತ್ರಾಂಶದ ಜೊತೆ ಮಾತಾಡುವ ಪ್ರೋಗ್ರಾಂ, ಅದರಲ್ಲಿ ಸೇರಿತು. ಇದು ಕರ್ನಲ್ ಒಳಗೇ ಇರಬೇಕಾದ ಕೆಲಸ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ನಿಮ್ಮ ಕರ್ನಲ್ 5.6 ಅಥವಾ ಅದಕ್ಕಿಂತ ಹೊಸದಾ ನೋಡಿಕೊಳ್ಳಿ. ಆಮೇಲೆ ಟರ್ಮಿನಲ್‌ನಲ್ಲಿ ‘ಸುಡೋ ಮಾಡ್‌ಪ್ರೋಬ್ ಡ್ರೈವ್‌ಟೆಂಪ್’ (sudo modprobe drivetemp) ಕೊಡಿ. ಕರ್ನಲ್ಲನ್ನು ನೀವೇ ಕಂಪೈಲ್ ಮಾಡುವವರಾದರೆ ಹಾರ್ಡ್‌ವೇರ್ ಮಾನಿಟರಿಂಗ್ ಮೆನುವಿನಲ್ಲಿ ಇದನ್ನು ಮಾಡ್ಯೂಲ್ (ಬೇಕಾದಾಗ ಕರ್ನಲ್‌ಗೆ ಸೇರಿಸಬಹುದಾದ ತುಣುಕು) ಆಗಿ ಆರಿಸಿ. ಈಗ ‘ಸೆನ್ಸರ್ಸ್’ (sensors) ಅಂತ ಹೊಡೆದರೆ ಸಾಕು, ಪ್ರೊಸೆಸರ್ ಜೊತೆಗೆ ಡಿಸ್ಕ್ ಕೂಡ ಕಾಣುತ್ತದೆ. ಪ್ರತಿ ಸಲ ಬೂಟ್ ಆದಾಗಲೂ ತಾನಾಗಿಯೇ ಬರಬೇಕಾದರೆ ಮಾಡ್ಯೂಲ್ ಹೆಸರನ್ನು ‘ಮಾಡ್ಯೂಲ್ಸ್-ಲೋಡ್’ (/etc/modules-load.d) ಫೋಲ್ಡರಿನ ಒಂದು ಫೈಲಿನಲ್ಲಿ ಬರೆದಿಡಿ.

ಸ್ಕ್ರಿಪ್ಟ್ ಬರೆಯುವವರು ನೇರವಾಗಿ ಸಿಸ್‌ಎಫ್‌ಎಸ್‌ಗೇ (ಕರ್ನಲ್ ತನ್ನ ಮಾಹಿತಿಯನ್ನು ಫೈಲುಗಳಂತೆ ತೋರಿಸುವ /sys ಫೋಲ್ಡರ್) ಹೋಗಬಹುದು. ಅಲ್ಲಿ ಎಚ್‌ಡಬ್ಲ್ಯೂಮಾನ್ (hwmon, ಹಾರ್ಡ್‌ವೇರ್ ಮಾನಿಟರಿಂಗ್) ಅಡಿಯಲ್ಲಿ ‘ಟೆಂಪ್1 ಇನ್‌ಪುಟ್’ (temp1_input) ಅನ್ನುವ ಫೈಲ್ ಇರುತ್ತದೆ. ಅದರಲ್ಲಿ 34000 ಅಂತಿದ್ದರೆ 34 ಡಿಗ್ರಿ, ಯಾಕೆಂದರೆ ಲೆಕ್ಕ ಇರುವುದು ಮಿಲಿಡಿಗ್ರಿಯಲ್ಲಿ. ಎಚ್‌ಡಬ್ಲ್ಯೂಮಾನ್ ಪಕ್ಕದ ಸಂಖ್ಯೆಯನ್ನು ಮಾತ್ರ ನಂಬಬೇಡಿ, ಬೂಟ್‌ನಿಂದ ಬೂಟ್‌ಗೆ ಅದು ಬದಲಾಗಬಹುದು. ‘ನೇಮ್’ (name) ಫೈಲಿನಲ್ಲಿ ಡ್ರೈವ್‌ಟೆಂಪ್ ಅಂತ ಇದೆಯಾ ಅಂತ ನೋಡಿಯೇ ಓದಿ.

ಒಳಗೆ ನಡೆಯುವುದು ಇನ್ನೂ ಚೆನ್ನಾಗಿದೆ. ಹೊಸ ಡಿಸ್ಕ್ ಸಿಕ್ಕ ಕೂಡಲೇ ಡ್ರೈವರ್ ಅದು ಎಟಿಎ ಡಿಸ್ಕ್ (ಸಾಟಾದಂಥ ಡಿಸ್ಕ್‌ಗಳ ಮಾತಿನ ಕ್ರಮ) ಹೌದಾ ಅಂತ ನೋಡುತ್ತದೆ, ಹೌದಾದರೆ ಡಿಸ್ಕ್ ತನ್ನ ಸ್ಥಿತಿ ಹೇಳಲು ಬಳಸುವ ಎಸ್‌ಸಿಟಿ ಅನ್ನುವ ಸೌಲಭ್ಯ ಇದೆಯಾ ಅಂತ ಕೇಳುತ್ತದೆ. ಇದ್ದರೆ ಡಿಸ್ಕ್ ಕೊಡುವ ಸ್ಟೇಟಸ್ ಪುಟದ 200ನೇ ಬೈಟ್‌ನಲ್ಲಿ ಈಗಿನ ಬಿಸಿ, ಅದರ ಪಕ್ಕದ ಎರಡು ಬೈಟ್‌ಗಳಲ್ಲಿ ಈ ಸಲ ಡಿಸ್ಕ್ ಆನ್ ಆದ ಮೇಲಿನ ಕನಿಷ್ಠ, ಗರಿಷ್ಠ ಸಿಗುತ್ತವೆ. ಇಲ್ಲದಿದ್ದರೆ ಹಳೆಯ ಸ್ಮಾರ್ಟ್ (SMART, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಡುವ ಲೆಕ್ಕ) ಪಟ್ಟಿಯಲ್ಲಿ 194ನೇ ಅಂಶ ಹುಡುಕುತ್ತದೆ, ಅದೂ ಸಿಗದಿದ್ದರೆ 190. ಆಗ ಈಗಿನ ಬಿಸಿ ಮಾತ್ರ ತಿಳಿಯುತ್ತದೆ, ಕನಿಷ್ಠ, ಗರಿಷ್ಠ ಸಿಗುವುದಿಲ್ಲ. ಯುಎಸ್‌ಬಿ ಪೆಟ್ಟಿಗೆಯೊಳಗಿನ ಡಿಸ್ಕ್‌ಗಳು ತಮ್ಮನ್ನು ಎಟಿಎ ಅಂತ ಹೇಳಿಕೊಳ್ಳದೇ ಇರುವುದೇ ಜಾಸ್ತಿ, ಹಾಗಾಗಿ ಅವು ಇಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಎನ್‌ವಿಎಂಇ (NVMe) ಅನ್ನುವ ಬೇರೆ ಬಗೆಯ ಎಸ್‌ಎಸ್‌ಡಿಗೆ ಇದು ಬೇಕಾಗಿಲ್ಲ. ಅದರ ಡ್ರೈವರ್‌ಗೇ 5.5 ಕರ್ನಲ್‌ನಲ್ಲಿ ಈ ಸೌಲಭ್ಯ ಬಂತು. ಎಸ್‌ಎಸ್‌ಡಿ ಕೆಲ್ವಿನ್‌ನಲ್ಲಿ ಹೇಳುತ್ತದೆ, ಕರ್ನಲ್ ಅದನ್ನು ಸೆಲ್ಸಿಯಸ್ ಮಾಡಿ ಕೊಡುತ್ತದೆ.

ಬಿಸಿ ಕೇಳುವುದು ಸುಮ್ನೆ ಕೇಳಿದಷ್ಟೇ ಅಲ್ವಾ ಅನ್ನಬೇಡಿ. ತೋಷಿಬಾದ ಕೆಲವು ಮಾದರಿಗಳಲ್ಲಿ ಜೋರಾಗಿ ಬರವಣಿಗೆ ನಡೆಯುವಾಗ ಎಸ್‌ಸಿಟಿ ಮೂಲಕ ಕೇಳಿದರೆ ಡಿಸ್ಕ್ ಸ್ಥಗಿತವಾಗುತ್ತಿತ್ತು. ಆಮೇಲೆ ಡ್ರೈವರ್ ಒಳಗೇ ಅವುಗಳ ಹೆಸರಿನ ಪಟ್ಟಿ ಹಾಕಿ, ಅವನ್ನು ಮಾತ್ರ ಸ್ಮಾರ್ಟ್ ದಾರಿಯಲ್ಲಿ ಕೇಳುವಂತೆ ಮಾಡಿದರು. ಹಳೆಯ 5.6ರಲ್ಲೇ ನಿಲ್ಲದೆ ಅಪ್‌ಡೇಟ್ ಮಾಡಿಕೊಳ್ಳಿ ಅನ್ನುವುದಕ್ಕೆ ಇದೇ ಕಾರಣ.

ಇನ್ನೊಂದು ವಿಷಯ ಡಿಸ್ಕ್‌ನ ನಿದ್ದೆಯದ್ದು, ಅಂದರೆ ಕೆಲಸವಿಲ್ಲದಾಗ ಅದು ತಿರುಗುವುದನ್ನು ನಿಲ್ಲಿಸುವುದು. ಕೆಲವು ಡಿಸ್ಕ್‌ಗಳಲ್ಲಿ ಬಿಸಿ ಓದಿದಾಗಲೆಲ್ಲ ನಿದ್ದೆಗೆ ಹೋಗುವ ಟೈಮರ್ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ನಿಮ್ಮ ಸ್ಕ್ರಿಪ್ಟ್ ನಿಮಿಷಕ್ಕೊಮ್ಮೆ ಓದುತ್ತಾ ಇದ್ದರೆ ಆ ಡಿಸ್ಕ್ ರಾತ್ರಿಯೆಲ್ಲ ತಿರುಗುತ್ತಲೇ ಇರುತ್ತದೆ. ಟೈಮರ್ 20 ನಿಮಿಷಕ್ಕೆ ಇಟ್ಟಿದ್ದರೆ ಅರ್ಧ ಗಂಟೆಗೊಮ್ಮೆ ಓದಿ.