ಬೇಳೆ ಬೇಗ ಬೆಂದ ಮೇಲೆ

ಪಾವಗಡ ಸೀಮೆಯ ನಮ್ಮ ಹಳ್ಳಿಗೆ ಡಾಂಬರು ರಸ್ತೆಯಿದೆ, ಬಸ್ ಬರುತ್ತದೆ, ಮೊಬೈಲ್ ಇಲ್ಲದ ಮನೆಯಿಲ್ಲ. ಆದರೂ ಹೆಣ್ಣು ನೋಡಲು ಬಂದವರು ಮೊದಲು ಹಲ್ಲು ನೋಡುತ್ತಾರೆ. ಕೊಳವೆಬಾವಿಯ ನೀರಿನಲ್ಲಿ ಬರುವ ಫ್ಲೋರೈಡ್ ಮಕ್ಕಳ ಹಲ್ಲಿಗೆ ಕಂದು ಗೆರೆ ಎಳೆಯುತ್ತದೆ. ವರ್ಷಗಳು ಕಳೆದಂತೆ ಬೆನ್ನು, ಮೊಣಕಾಲು ಬಿಗಿಯುತ್ತವೆ. ನಮ್ಮ ಅಪ್ಪ ಐವತ್ತೈದಕ್ಕೇ ಕುಕ್ಕರುಗಾಲಿನಲ್ಲಿ ಕೂರಲಾಗದೆ ಕಳೆ ಕೀಳುವುದನ್ನು ಬಿಟ್ಟರು. ಒಮ್ಮೆ ಸಮೀಕ್ಷೆಗೆ ಬಂದವರು ಶೌಚಾಲಯ, ಗ್ಯಾಸ್, ಟಿವಿ ಎಲ್ಲವನ್ನೂ ಕೇಳಿ ಬರೆದುಕೊಂಡರು. ಕುಕ್ಕರುಗಾಲಿನಲ್ಲಿ ಕೂರಲು ಬರುತ್ತದೆಯೇ ಎಂದು ಮಾತ್ರ ಕೇಳಲಿಲ್ಲ.

ನಾವೇನೂ ಸುಮ್ಮನಿರಲಿಲ್ಲ. ಕುಡಿಯಲು ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತಿದ್ದೆವು. ಆದರೆ ಮುದ್ದೆ, ಅನ್ನ, ಸಾರು ಎಲ್ಲವೂ ಕೊಳವೆಬಾವಿ ನೀರಿನಲ್ಲೇ! ಬೇಯಿಸಿದರೆ ದೋಷ ಹೋಗುತ್ತದೆಂದು ನಂಬಿದ್ದೆವು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಹೆಚ್ಚುತ್ತದೆ. ಇದು ನನಗೆ ತಿಳಿದದ್ದು ಪರೀಕ್ಷಾ ಕಿಟ್ ಕೈಗೆ ಸಿಕ್ಕಾಗ. ನೀರಿಗೆ ಬೆರೆಸುವ ಅದರ ದ್ರಾವಣದ ಗುಲಾಬಿ ಬಣ್ಣ ಹಳದಿಗೆ ತಿರುಗಿದಷ್ಟೂ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಕೊನೆಯ ಮಿತಿ. ನಮ್ಮ ನಲ್ಲಿಯ ನೀರು ಅರಿಸಿನದ ನೀರಿನಂತಾಯಿತು.

ಆಕಾಶದ ನೀರಿನ ಲೆಕ್ಕ ಹಾಕಿದೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಮ್ಮ ತಾರಸಿ 80 ಚದರ ಮೀಟರ್. ವರ್ಷಕ್ಕೆ 500 ಮಿಲಿಮೀಟರ್ ಎಂದು ಹಿಡಿದರೂ 40,000 ಲೀಟರ್. ಐದು ಮಂದಿಗೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಸಾಕು. 10,000 ಲೀಟರ್ ಹಿಡಿಯುವ ನೆಲತೊಟ್ಟಿ ವರ್ಷ ದಾಟಿಸುತ್ತದೆ. ಖರ್ಚು ಒಂದು ಒಳ್ಳೆಯ ಸೀಮೆಹಸುವಿನ ಬೆಲೆಯಷ್ಟಾಯಿತು. ಹಸುವನ್ನೇ ಕೊಳ್ಳಬಹುದಿತ್ತೆಂದು ಅಮ್ಮ ಎಷ್ಟೋ ದಿನ ಗೊಣಗಿದಳು.

ಮೊದಲ ವರ್ಷ ನಾನೇ ಕೆಡಿಸಿದೆ. ಬೇಸಿಗೆಯ ಕೊನೆಯಲ್ಲಿ ಮಳೆ ಬಂದ ಸಂಭ್ರಮದಲ್ಲಿ ಮೊದಲ ನೀರನ್ನು ಹೊರಗೆ ಬಿಡದೆ ತೊಟ್ಟಿಗೇ ಹರಿಸಿದೆ. ತಾರಸಿಯ ಧೂಳು, ಹೊಂಗೆ ಎಲೆ, ಪಾರಿವಾಳದ ಹಿಕ್ಕೆ ಎಲ್ಲವೂ ಒಳಗೆ. ವಾರದಲ್ಲಿ ನೀರು ನಾರಿತು. ಪೂರ್ತಿ ಬಸಿದು, ತೊಟ್ಟಿ ಉಜ್ಜಿ, ಹಿಂಗಾರಿಗೆ ಕಾಯಬೇಕಾಯಿತು. ಈಗ ತಾರಸಿ ಗುಡಿಸಿ, ಮೊದಲ ಹದಿನೈದು ನಿಮಿಷದ ಮಳೆಯನ್ನು ಬೇರೆ ಕೊಳವೆಯಲ್ಲಿ ತೆಂಗಿನ ಬುಡಕ್ಕೆ ಬಿಡುತ್ತೇನೆ. ಆಮೇಲಿನದು ಜಲ್ಲಿ, ಇದ್ದಿಲು, ಮರಳಿನ ಮೂಲಕ ಇಳಿಯುತ್ತದೆ. ತೊಟ್ಟಿಯೊಳಗೆ ಬೆಳಕು ಬೀಳಬಾರದು, ಬಿದ್ದರೆ ಪಾಚಿ. ಗಾಳಿಕಿಂಡಿಗೆ ಸೊಳ್ಳೆಬಲೆ ಬೇಕು. ಕುಡಿಯುವ ನೀರನ್ನು ಕಾಯಿಸಿ ಆರಿಸುತ್ತೇವೆ.

ಆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ತೊಟ್ಟಿ ತುಂಬಿತು. ಅಮ್ಮ ಒಂದು ಗುಟುಕು ಕುಡಿದು ‘ಸಪ್ಪೆ’ ಎಂದಳು. ಫ್ಲೋರೈಡ್, ಮಿಲಿಗ್ರಾಂ ಎಂದು ನಾನು ಹೇಳಿದ್ದೆಲ್ಲ ಗಾಳಿಗೆ ಹೋಯಿತು. ಒಂದು ದಿನ ನಲ್ಲಿಯಲ್ಲಿ ನೀರು ಬಾರದೆ, ವಿಧಿಯಿಲ್ಲದೆ ಮಳೆನೀರಿಗೆ ತೊಗರಿಬೇಳೆ ಹಾಕಿದಳು. ಗಡಸು ನೀರಿನಲ್ಲಿ ಎಷ್ಟು ಬೇಯಿಸಿದರೂ ಕಚ್ಚುಕಚ್ಚಾಗಿ ಉಳಿಯುತ್ತಿದ್ದ ಬೇಳೆ ಬೆಣ್ಣೆಯಂತೆ ಕರಗಿತು. ಮರುದಿನದಿಂದ ಅಡುಗೆಮನೆಗೆ ಬೇರೆ ನೀರು ಬರಲಿಲ್ಲ.

ಅಪ್ಪನ ಮೊಣಕಾಲು ಸರಿಹೋಗಿಲ್ಲ, ಹೋಗುವುದೂ ಇಲ್ಲ. ನನ್ನ ಕಿರಿಯ ಮಗಳಿಗೆ ಈಗ ಹಾಲುಹಲ್ಲು ಬೀಳುತ್ತಿವೆ; ಹೊಸ ಹಲ್ಲುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತೇನೆ. ಹುರುಳಿ ಸಾರು ಮಾಡುವ ದಿನ ಪಕ್ಕದ ಮನೆಯವರು ಬಿಂದಿಗೆ ಹಿಡಿದು ಬರುತ್ತಾರೆ. ಅಮ್ಮ ಇಲ್ಲವೆನ್ನುವುದಿಲ್ಲ, ಆದರೆ ಮೊದಲು ಅಳತೆಕೋಲನ್ನು ತೊಟ್ಟಿಗಿಳಿಸಿ ನೋಡುತ್ತಾಳೆ.