ಗೆಳತಿಯರ ಬಸ್ ಹುಂಡಿ: ನನ್ನ ಅನುಭವ

"ಹಾಸ್ಟೆಲ್ ಗೆಳೆತನ ಅಂದ್ರೆ ಮೊದಲ ಮಗುವಿನ ನಾಮಕರಣದ ತನಕ, ಅಷ್ಟೇ" ಅಂತ ನಮ್ಮ ಅತ್ತಿಗೆ ಹೇಳಿದ್ದರು. ಧಾರವಾಡದಲ್ಲಿ ಟಿಸಿಎಚ್ (ಶಾಲಾ ಶಿಕ್ಷಕರ ತರಬೇತಿ) ಓದುವಾಗ ನಾವು ಆರು ಜನ ಒಂದೇ ರೂಮು. ಈಗ ಆ ಮೊದಲ ಮಕ್ಕಳೇ ಡಿಗ್ರಿ ಮುಗಿಸುತ್ತಿದ್ದಾರೆ. ನಾವಿನ್ನೂ ಭೇಟಿಯಾಗುತ್ತಲೇ ಇದ್ದೇವೆ. ಅತ್ತಿಗೆಯೇ ಮೊನ್ನೆ "ಅದು ಹೇಗೆ ಮಾಡ್ತೀರೇ?" ಅಂತ ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ವಾಟ್ಸಾಪ್ ಗ್ರೂಪಿನ ಕಥೆ ನಿಮಗೂ ಗೊತ್ತು, ಬಿಡಿ. ನಮ್ಮದೂ ಶುಭೋದಯದ ಗುಲಾಬಿಯಲ್ಲೇ ಮುಚ್ಚಿಹೋಯಿತು.

ಎಲ್ಲರೂ ಒಟ್ಟಿಗೆ ಸೇರೋಣ ಅಂತ ಚಿಕ್ಕಮಗಳೂರಿನ ಕಡೆ ಒಂದು ಹೋಂಸ್ಟೇಗೆ ಐದು ಸಾವಿರದಷ್ಟು ಮುಂಗಡ ಕಟ್ಟಿದೆವು. ಒಬ್ಬಳ ಮಾವನಿಗೆ ಹುಷಾರಿಲ್ಲ. ಒಬ್ಬಳ ಮಗನಿಗೆ ಪರೀಕ್ಷೆ. ಇನ್ನೊಬ್ಬಳು ಕಾರಣವನ್ನೇ ಹೇಳಲಿಲ್ಲ. ಮುಂಗಡ ಹೋಯಿತು. ಆ ಮೂರನೆಯವಳ ಕಾರಣ ಎಷ್ಟೋ ದಿನದ ಮೇಲೆ ಗೊತ್ತಾಯಿತು: ದುಡ್ಡಿರಲಿಲ್ಲ. ನಮ್ಮಲ್ಲಿ ಕೆಲಸ ಸಿಕ್ಕಿದ್ದು ಮೂವರಿಗೆ ಮಾತ್ರ. ಗೆಳತಿಯನ್ನು ನೋಡಬೇಕು, ದುಡ್ಡು ಕೊಡಿ ಅಂತ ಮನೆಯಲ್ಲಿ ಕೇಳೋಕೆ ಅವಳಿಗೆ ಬಾಯಿ ಬಂದಿರಲಿಲ್ಲ. ಹೆಂಗಸರ ಗೆಳೆತನ ಕಡಿದುಹೋಗುವುದು ಇಲ್ಲೇ, ಮನಸ್ತಾಪದಿಂದ ಅಲ್ಲ.

ಮನೆಗೆ ಹೋಗುವುದೂ ಕೆಲಸಕ್ಕೆ ಬಾರಲಿಲ್ಲ. ನಮ್ಮ ಸಾಗರದಿಂದ ಗದಗಿನವಳ ಮನೆಗೆ ಹೋದೆ. ಅವಳು ಅಡುಗೆಮನೆಯಲ್ಲಿ, ನಾನು ಹಾಲ್‌ನಲ್ಲಿ ಅವಳ ಯಜಮಾನರ ಜೊತೆ. ಪಾಪ, ಒಳ್ಳೆಯವರು. ಮಳೆ, ಬೆಳೆ, ಮೆಣಸಿನಕಾಯಿ ರೇಟು ಎಲ್ಲ ಮಾತಾಡಿದರು. ಒಳಗಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತಲೇ ಇತ್ತು. ಅದು ನಿಲ್ಲುವ ಹೊತ್ತಿಗೆ ನನ್ನ ಬಸ್ಸಿನ ಟೈಮು. ಬಿಡೋಕೆ ಬಂದವಳು ಸ್ಟ್ಯಾಂಡಿನಲ್ಲಿ ಅಂದಳು: "ನೀ ನಮ್ಮನಿಗೆ ಬಂದ್ರ ನಾ ಅಡಗಿಮನಿ ಬಿಟ್ಟು ಹೊರಗ ಬರಂಗಿಲ್ಲ. ನಾ ನಿಮ್ಮನಿಗೆ ಬಂದ್ರ ನೀ ಬರಂಗಿಲ್ಲ. ಮುಂದಿನ ಸಲ ಬಸ್‌ಸ್ಟ್ಯಾಂಡಿಗೇ ಬಾರಲೇ."

ತಮಾಷೆಗೆ ಅಂದಿದ್ದು. ನಾನು ಅದನ್ನೇ ಹಿಡಿದುಕೊಂಡೆ.

ಭೇಟಿಯ ಖರ್ಚಿಗೆ ಅಂತಲೇ ಆರೂ ಜನ ಸೇರಿ ಒಂದು ಹುಂಡಿ ಮಾಡಿದೆವು. ತಿಂಗಳಿಗೆ ತಲಾ 200 ರೂಪಾಯಿ. ಖಜಾಂಚಿ ಬಳ್ಳಾರಿಯವಳು, ಹಾಲಿನ ಲೆಕ್ಕದ ಕ್ಯಾಲೆಂಡರ್ ಹಿಂದೆ ನಮ್ಮ ಲೆಕ್ಕ ಬರೆಯುತ್ತಾಳೆ. ಭೇಟಿ ಇಬ್ಬಿಬ್ಬರದೇ, ಹೆಚ್ಚೆಂದರೆ ಮೂವರು. ನಾಲ್ಕನೆಯವಳು ಬಂದರೆ ಮಾತು ಸೀರೆ, ಸೊಸೆ ಕಡೆ ಹೊರಳುತ್ತದೆ, ನೋಡಿದ್ದೇನೆ. ಊರು ಇಬ್ಬರಿಗೂ ನಡುವಿನದು. ಗದಗಿನವಳಿಗೂ ನನಗೂ ಹಾವೇರಿ. ಬಳ್ಳಾರಿಯವಳಿಗೂ ನನಗೂ ದಾವಣಗೆರೆ. ಹತ್ತೂವರೆಗೆ ಇಳಿಯುವುದು, ಮೂರಕ್ಕೆ ಹತ್ತುವುದು. ದಾವಣಗೆರೆಯಲ್ಲಾದರೆ ಬೆಣ್ಣೆ ದೋಸೆ ಮುಗಿಸಿ ಅಲ್ಲೇ ಎರಡನೇ ಕಾಫಿ ಹೇಳಬೇಕು, ಇಲ್ಲದಿದ್ದರೆ ಎಬ್ಬಿಸುತ್ತಾರೆ. ಟಿಕೆಟ್, ತಿಂಡಿ ಎಲ್ಲ ಹುಂಡಿಯದು. ಯಾರೂ ಮನೆಯಲ್ಲಿ ಕೈಚಾಚಬೇಕಿಲ್ಲ.

"ದುಡ್ಡು ನಡುವೆ ಬಂದರೆ ಗೆಳೆತನ ಕೆಡುತ್ತೆ" ಅಂತ ಎಲ್ಲರೂ ಹೆದರಿಸಿದರು. ಮೊದಲ ವರ್ಷ ಇಬ್ಬರು ಕಟ್ಟಲಿಲ್ಲ, ನಿಜ. ವಸೂಲಿ ಮಾಡಿದ ಉಪಾಯ ನನ್ನ ಹತ್ತಿರವೇ ಇರಲಿ. ಮೊದಲ ಸಲ ಮನೆಯಲ್ಲಿ ಏನು ಹೇಳಿ ಹೊರಟೆ ಅನ್ನುವುದನ್ನೂ ಬರೆಯಲ್ಲ. ನಮ್ಮ ಮನೆಯವರೂ ಓದುತ್ತಾರೆ.

ಮಧ್ಯೆ ಇನ್ನೂ ಏನೇನೋ ಮಾಡಿ ನೋಡಿದೆವು. ಎರಡೂವರೆ ರೂಪಾಯಿಯ ಇನ್‌ಲ್ಯಾಂಡ್ ಲೆಟರ್ ಒಂದು ಕಂತೆ ತಂದು ಹಂಚಿದೆ. ಅರ್ಧ ಈಗಲೂ ನನ್ನ ಕಪಾಟಿನಲ್ಲೇ ಇವೆ. ಆದರೆ ತರಕಾರಿ ಫೋನ್ ಗೆದ್ದಿತು. ಹಾಸನದವಳು ಸಂಜೆ ಅವರೆಕಾಯಿ ಬಿಡಿಸೋಕೆ ಕೂತಾಗ ಫೋನ್ ಮಾಡಿ ಸ್ಪೀಕರಿಗೆ ಹಾಕುತ್ತಾಳೆ. ಇತ್ತ ನಾನು ಹೀರೇಕಾಯಿ ಹೆರೆಯುತ್ತೇನೆ. ಎಷ್ಟೋ ಹೊತ್ತು ಇಬ್ಬರೂ ಮಾತೇ ಆಡುವುದಿಲ್ಲ. "ಇದ್ದೀಯೇನೇ?" "ಇದ್ದೀನಿ ಕಣೇ." ಕಾಯಿ ಮುಗಿದರೆ ಫೋನೂ ಬಂದ್. ಹಿತ್ಕಿದ ಬೇಳೆ ಮಾಡುವ ದಿನ ಮಾತ್ರ ಗಂಟೆಗಟ್ಟಲೆ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು ನೋಡಿ, ನಮ್ಮ ಲೆಕ್ಕವೇ ತಲೆಕೆಳಗಾಯಿತು. ಸಾಗರದಿಂದ ಹಾವೇರಿಗೆ ಆಧಾರ್ ತೋರಿಸಿದರೆ ಸೊನ್ನೆ ಟಿಕೆಟ್. ರಾಜಹಂಸ, ಸ್ಲೀಪರ್ ಬಸ್ಸಿಗೆ ಇದು ಇಲ್ಲ, ಅವು ನಮಗೆ ಬೇಕಾಗಿಯೂ ಇರಲಿಲ್ಲ. ವರ್ಷಕ್ಕೆರಡು ಸಲ ನೋಡುತ್ತಿದ್ದವರು ಈಗ ಮೂರು ನಾಲ್ಕು ಸಲ ನೋಡುತ್ತೇವೆ. ಸೀಟು ಸಿಗುವುದು ಕಷ್ಟ, ಅದೊಂದು. ಸೊಲ್ಲಾಪುರಕ್ಕೆ ಮದುವೆಯಾದವಳಿಗೆ ಮಾತ್ರ ಈ ಭಾಗ್ಯವಿಲ್ಲ. ಮಹಾರಾಷ್ಟ್ರದ ಸರ್ಕಾರಿ ಬಸ್ಸಿನಲ್ಲಿ ಅದೇ ವರ್ಷದ ಮಾರ್ಚ್‌ನಿಂದ ಹೆಂಗಸರಿಗೆ ಅರ್ಧ ಟಿಕೆಟ್, ಅದೂ ಅವರ ಗಡಿ ತನಕ. ಅವಳು ವಿಜಯಪುರಕ್ಕೆ ಬಂದು ಹೋಗುವ ಖರ್ಚನ್ನು ಹುಂಡಿಯೇ ಕೊಡುತ್ತದೆ. "ನನಗಾಗೇ ಹುಂಡಿ ನಡೆಸ್ತಿದ್ದೀರಾ?" ಅಂತ ಅವಳು ಒಮ್ಮೆ ಮುನಿಸಿಕೊಂಡಳು. ಹೌದು ಅಂದೆವು.

ಈಗ ಹುಂಡಿಯಲ್ಲಿ ಸುಮಾರು ನಲವತ್ತು ಸಾವಿರ ಕೂತಿದೆ. ಹಂಚಿಕೊಳ್ಳೋಣ ಅಂತ ಹಾಸನದವಳು. ಅಂಡಮಾನಿಗೆ ಹೋಗೋಣ ಅಂತ ಗದಗಿನವಳು. ಆರೂ ಜನ ಒಟ್ಟಿಗೆ ಹೊರಟರೆ ಏನಾಗುತ್ತೆ ಅಂತ ನಾನು ಚಿಕ್ಕಮಗಳೂರಿನ ಮುಂಗಡ ನೆನಪಿಸಿದೆ. ಖಜಾಂಚಿ ಇನ್ನೂ ಬಾಯಿ ಬಿಟ್ಟಿಲ್ಲ. ಬರುವ ತಿಂಗಳಿಂದ ಕಂತು 300 ಮಾಡಿ ಅಂತ ಮೆಸೇಜ್ ಮಾತ್ರ ಹಾಕಿದ್ದಾಳೆ.